ಸೀಟಿ ಯಾರ ಕೈಯಲ್ಲಿ? ಫುಟ್‌ಬಾಲ್ ಮುಖ್ಯ ಕೋಚ್ ಸಹಾಯಕರಿಗೆ ಕೆಲಸ ಹಂಚುವ ನಾಲ್ಕು ದಾರಿಗಳು

ಫುಟ್‌ಬಾಲ್ ತಂಡದ ಮುಖ್ಯ ಕೋಚ್‌ಗೆ ಸಲಹೆ ಕೊಡುವವರಿಗೆ ಬರವಿಲ್ಲ. 4-3-3 ಆಡಿಸಿ ಅಂತ ಒಬ್ಬರು, 3-5-2 ಆಡಿಸಿ ಅಂತ ಇನ್ನೊಬ್ಬರು. ಆದರೆ ಪಕ್ಕದಲ್ಲೇ ನಿಂತಿರುವ ಇಬ್ಬರು ಮೂವರು ಸಹಾಯಕ ಕೋಚ್‌ಗಳಿಗೆ ಏನು ಕೆಲಸ ಕೊಡಬೇಕು ಅಂತ ಹೇಳುವವರು ಕಡಿಮೆ. ಎಷ್ಟೋ ತಂಡಗಳಲ್ಲಿ ಸಹಾಯಕರು ಅಂದರೆ ಕೋನ್ ಇಡುವವರು, ಬಿಬ್ ಹಂಚುವವರು, ಹೊರಗೆ ಹೋದ ಚೆಂಡು ತರುವವರು. ಕೋಚಿಂಗ್ ಲೈಸೆನ್ಸ್ ಮಾಡಿಕೊಂಡು ಬಂದವರಿಗೂ ಅದೇ ಗತಿ.

ಕೆಲಸ ಹಂಚುವುದಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಎಲ್ಲವನ್ನೂ ತಾನೇ ಮಾಡುವುದು ಒಂದು. ಗೋಲ್‌ಕೀಪಿಂಗ್, ಡಿಫೆನ್ಸ್, ಅಟ್ಯಾಕ್, ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್ ಥರ ನಿಂತ ಚೆಂಡಿನಿಂದ ಶುರುವಾಗುವ ಆಟ) ಅಂತ ವಿಭಾಗ ಮಾಡಿ ಕೊಡುವುದು ಇನ್ನೊಂದು. ಒಬ್ಬ ಬಲಗೈ ಬಂಟನನ್ನು ಇಟ್ಟುಕೊಂಡು ಅವನ ಜೊತೆ ಎಲ್ಲವನ್ನೂ ಹಂಚಿಕೊಳ್ಳುವುದು ಮೂರನೆಯದು. ದಿನನಿತ್ಯದ ತರಬೇತಿಯನ್ನು ಪೂರ್ತಿ ಸಹಾಯಕರಿಗೆ ಬಿಟ್ಟು ತಾನು ನಿಂತು ನೋಡುವುದು ನಾಲ್ಕನೆಯದು. ನಾಲ್ಕರಲ್ಲೂ ಗೆದ್ದವರಿದ್ದಾರೆ, ನಾಲ್ಕರಲ್ಲೂ ಮುಗ್ಗರಿಸಿದವರಿದ್ದಾರೆ.

ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ತರಬೇತಿಯನ್ನು ಧಾರಾಳವಾಗಿ ಬಿಟ್ಟುಕೊಡಿ, ಹನ್ನೊಂದು ಜನರ ಆಯ್ಕೆಯನ್ನು ಮಾತ್ರ ಬಿಡಬೇಡಿ. ಇನ್ನೊಂದು, ಯಾರಿಗಾದರೂ ಕೆಲಸ ಕೊಟ್ಟರೆ ಆ ಕೆಲಸದೊಳಗಿನ ತೀರ್ಮಾನಗಳನ್ನೂ ಅವರಿಗೇ ಕೊಡಿ. ಕೆಲಸ ಅವರದು, ತೀರ್ಮಾನ ನಿಮ್ಮದು ಅಂತಾದರೆ ನೀವು ಏನನ್ನೂ ಹಂಚಿದಂತಾಗಲಿಲ್ಲ, ಸುಮ್ನೆ ಕೂಲಿ ಮಾಡಿಸಿಕೊಂಡಿರಿ ಅಷ್ಟೇ.

ಎಲ್ಲವೂ ನಾನೇ

ಈ ದಾರಿಯನ್ನು ಬೈಯುವುದು ಸುಲಭ. ಆದರೆ ಕೆಲವು ಕಡೆ ಇದೇ ಸರಿ. ಸಹಾಯಕನೊಬ್ಬನೇ ಇದ್ದು, ಅವನೂ ವಾರಕ್ಕೊಮ್ಮೆ ಬರುವವನಾದರೆ ಬೇರೆ ದಾರಿಯೇ ಇಲ್ಲ. ಹೊಸ ತಂಡಕ್ಕೆ ಬಂದ ಮೊದಲ ಕೆಲವು ವಾರ ಕೂಡ ಹೀಗೇ ನಡೆಸಬಹುದು. ನಿಮಗೆ ಬೇಕಾದ ಆಟ ಯಾವುದು, ಚೆಂಡು ಕಳೆದುಕೊಂಡ ಕೂಡಲೇ ಏನು ಮಾಡಬೇಕು, ಗೋಲ್‌ಕೀಪರ್ ಉದ್ದಕ್ಕೆ ಒದೆಯಬೇಕೋ ಹತ್ತಿರದವರಿಗೆ ಪಾಸ್ ಕೊಡಬೇಕೋ, ಇದನ್ನೆಲ್ಲ ಆಟಗಾರರು ನಿಮ್ಮ ಬಾಯಿಂದಲೇ ಕೇಳಬೇಕು. ಸಹಾಯಕರೂ ಅದನ್ನು ನೋಡಿಯೇ ಕಲಿಯಬೇಕು.

ತೊಂದರೆ ಶುರುವಾಗುವುದು ಆಮೇಲೆ. 20 ಜನರ ತರಬೇತಿಯನ್ನು ನೀವೇ ನಡೆಸುವಾಗ ನಿಮ್ಮ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಮುಂದಿನ ಡ್ರಿಲ್‌ಗೆ ಕೋನ್ ಸರಿಯಾಗಿದೆಯಾ, ನೀರಿಗೆ ಎಷ್ಟೊತ್ತಿಗೆ ಬಿಡಬೇಕು, ಈ ತಂಡಕ್ಕೆ ಒಬ್ಬ ಕಡಿಮೆ ಇದ್ದಾನಲ್ಲ ಅಂತ ತಲೆ ಓಡುತ್ತಿರುತ್ತದೆ. ಆಚೆ ಮೂಲೆಯಲ್ಲಿ ಲೆಫ್ಟ್ ಬ್ಯಾಕ್ ಎರಡು ಸಲ ತೊಡೆ ಹಿಡಿದುಕೊಂಡದ್ದು ಕಾಣುವುದಿಲ್ಲ. ಸದಾ ಮಾತಾಡುವ ಹುಡುಗ ಇವತ್ತು ಒಂದು ಮಾತೂ ಆಡದೆ ಬಂದು ಹೋದದ್ದು ಕಾಣುವುದಿಲ್ಲ.

ಇನ್ನೊಂದು ನಷ್ಟ ನಿಧಾನವಾಗಿ ಆಗುತ್ತದೆ. ವರ್ಷಪೂರ್ತಿ ಒಂದೇ ದನಿ ಕೇಳಿದ ಆಟಗಾರರ ಕಿವಿ ಮುಚ್ಚಿಹೋಗುತ್ತದೆ. ನೀವು ಹೇಳುವುದು ಸರಿಯೇ ಇರಬಹುದು, ಆದರೆ ಅದೇ ಮಾತು, ಅದೇ ಗಂಟಲು. ಸೋತ ವಾರಗಳಲ್ಲಂತೂ ಕಷ್ಟ. ಶನಿವಾರ ಬೈದವರೂ ನೀವೇ, ಸೋಮವಾರ ಹುರಿದುಂಬಿಸಬೇಕಾದವರೂ ನೀವೇ.

ವಿಭಾಗ ಮಾಡಿ ಹಂಚುವುದು

ಈಗ ದೊಡ್ಡ ತಂಡಗಳಲ್ಲಿ ಹೆಚ್ಚಾಗಿ ಕಾಣುವ ದಾರಿ ಇದು. ಗೋಲ್‌ಕೀಪರ್ ಕೋಚ್ ಅಂತೂ ಎಲ್ಲ ಕಡೆ ಇದ್ದಾರೆ. ಸೆಟ್ ಪೀಸ್ ಕೋಚ್ ಅನ್ನುವ ಹುದ್ದೆಯೂ ಈಗ ಮಾಮೂಲು. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನಲ್ಲಿ ಮುಖ್ಯ ಕೋಚ್ ಮಿಕೆಲ್ ಆರ್ಟೆಟಾ 2021ರಲ್ಲಿ ನಿಕೊಲಾ ಜೋವರ್ ಅವರನ್ನು ಈ ಕೆಲಸಕ್ಕೆ ಕರೆತಂದರು. ಕಾರ್ನರ್ ಸಿಕ್ಕಿದ ಕೂಡಲೇ ಜೋವರ್ ಎದ್ದು ಟಚ್‌ಲೈನ್‌ಗೆ ಬರುತ್ತಾರೆ, ಆ ಹೊತ್ತಿಗೆ ಆರ್ಟೆಟಾ ಹಿಂದೆ ಸರಿಯುತ್ತಾರೆ. ಲಿವರ್‌ಪೂಲ್‌ನಲ್ಲಿ ಯೂರ್ಗನ್ ಕ್ಲಾಪ್ 2018ರಲ್ಲಿ ಬರೀ ಥ್ರೋ ಇನ್ ಕಲಿಸುವುದಕ್ಕೆಂದೇ ಥಾಮಸ್ ಗ್ರೋನೆಮಾರ್ಕ್ ಅನ್ನುವವರನ್ನು ತಂದರು. ಆಗ ನಕ್ಕವರು ಬಹಳ ಜನ. ಒಂದು ಪಂದ್ಯದಲ್ಲಿ ಥ್ರೋ ಇನ್ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ನೋಡಿದವರು ನಗುವುದಿಲ್ಲ.

ಇದರ ಲಾಭ ಎದ್ದು ಕಾಣುತ್ತದೆ. ಒಂದು ವಿಷಯಕ್ಕೆ ಒಬ್ಬ ಜವಾಬ್ದಾರ ಸಿಗುತ್ತಾನೆ. ಮುಖ್ಯ ಕೋಚ್‌ಗೆ ಆಸಕ್ತಿಯೇ ಇಲ್ಲದ ಕೆಲಸವೂ ಆಗುತ್ತದೆ. 2014ರ ವಿಶ್ವಕಪ್ ಗೆದ್ದ ಜರ್ಮನಿ ಇದಕ್ಕೆ ಒಳ್ಳೆಯ ಉದಾಹರಣೆ. ಮುಖ್ಯ ಕೋಚ್ ಯೋಆಖಿಮ್ ಲ್ಯೋವ್ ಅವರಿಗೆ ಸೆಟ್ ಪೀಸ್ ಮೇಲೆ ಅಂಥ ಒಲವಿರಲಿಲ್ಲ. ಸಹಾಯಕ ಹಾನ್ಸಿ ಫ್ಲಿಕ್ ಪಟ್ಟು ಹಿಡಿದು ಅದನ್ನು ಅಭ್ಯಾಸ ಮಾಡಿಸಿದರು. ಫ್ರಾನ್ಸ್ ಎದುರಿನ ಕ್ವಾರ್ಟರ್ ಫೈನಲ್ 1-0ರಲ್ಲಿ ಮುಗಿಯಿತು. ಆ ಒಂದು ಗೋಲು ಬಂದದ್ದು ಟೋನಿ ಕ್ರೂಸ್ ಹಾಕಿದ ಫ್ರೀ ಕಿಕ್‌ಗೆ ಮ್ಯಾಟ್ಸ್ ಹುಮ್ಮೆಲ್ಸ್ ತಲೆ ಕೊಟ್ಟಾಗ. ಸಹಾಯಕ ತನ್ನಂತೆಯೇ ಯೋಚಿಸಲಿ ಅಂತ ಬಯಸುವ ಮುಖ್ಯ ಕೋಚ್‌ಗಳು ಈ ಪಂದ್ಯವನ್ನು ಇನ್ನೊಮ್ಮೆ ನೋಡಬೇಕು.

ಆದರೆ ಈ ದಾರಿಯಲ್ಲಿ ಒಂದು ಹಳ್ಳ ಇದೆ, ಸಣ್ಣ ತಂಡಗಳು ಅದರಲ್ಲೇ ಬೀಳುತ್ತವೆ. ಡಿಫೆನ್ಸ್ ಕೋಚ್ ತನ್ನ ನಾಲ್ವರಿಗೆ ಹೇಳುತ್ತಾನೆ: ಬೆನ್ನ ಹಿಂದೆ ಜಾಗ ಬಿಡಬೇಡಿ, ಪೆನಾಲ್ಟಿ ಬಾಕ್ಸ್ ಹತ್ತಿರವೇ ಇರಿ. ಅದೇ ಹೊತ್ತಿಗೆ ಮೈದಾನದ ಆ ತುದಿಯಲ್ಲಿ ಅಟ್ಯಾಕ್ ಕೋಚ್ ತನ್ನವರಿಗೆ ಹೇಳುತ್ತಾನೆ: ಎದುರಾಳಿ ಗೋಲ್‌ಕೀಪರ್‌ವರೆಗೂ ಅಟ್ಟಿಸಿಕೊಂಡು ಹೋಗಿ. ಎರಡೂ ಒಳ್ಳೆಯ ಮಾತೇ. ಎತ್ತು ಏರಿಗೆ, ಕೋಣ ನೀರಿಗೆ. ಪಂದ್ಯದಲ್ಲಿ ಮುಂದಿನವರು ಮುಂದೆ ಓಡುತ್ತಾರೆ, ಹಿಂದಿನವರು ಹಿಂದೆಯೇ ಉಳಿಯುತ್ತಾರೆ, ನಡುವಿನ ಇಬ್ಬರು ಮಿಡ್‌ಫೀಲ್ಡರ್‌ಗಳು ಅರ್ಧ ಮೈದಾನವನ್ನು ಕಾಯಬೇಕಾಗುತ್ತದೆ. ಎದುರಾಳಿ ಅಲ್ಲಿ ಆರಾಮಾಗಿ ತಿರುಗಿ ನಿಂತು ಪಾಸ್ ಹಾಕುತ್ತಾನೆ. ಪಂದ್ಯ ಮುಗಿದ ಮೇಲೆ ಬೈಗುಳ ಮಿಡ್‌ಫೀಲ್ಡರ್‌ಗಳಿಗೆ.

ಹಾಗಾಗಿ ವಿಭಾಗ ಮಾಡುವವರು ಎರಡು ಕೆಲಸ ತಪ್ಪದೆ ಮಾಡಬೇಕು. ಮೊದಲನೆಯದು, ಚೆಂಡು ಎಲ್ಲಿದ್ದಾಗ ಹಿಂದಿನ ಸಾಲು ಎಲ್ಲಿ ನಿಲ್ಲಬೇಕು, ಮುಂದಿನ ಸಾಲು ಯಾವಾಗ ಓಡಬೇಕು ಅಂತ ಮುಖ್ಯ ಕೋಚ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ ತೀರ್ಮಾನ ಮಾಡಬೇಕು. ಎರಡನೆಯದು, ಪ್ರತಿ ತರಬೇತಿಯೂ ಎಲ್ಲರೂ ಒಟ್ಟಿಗೆ ಆಡುವ ಆಟದಲ್ಲಿ ಮುಗಿಯಬೇಕು. 25 ನಿಮಿಷ ಬೇರೆ ಬೇರೆ ಮೂಲೆಯಲ್ಲಿ ಕಲಿತದ್ದನ್ನು 9 ಜನರ ಎದುರು 9 ಜನ ಆಡುವಾಗ ಜೋಡಿಸದಿದ್ದರೆ ಅದು ಮೂರು ತಂಡಗಳ ಅಭ್ಯಾಸ ಆದ ಹಾಗೆ. ಆ ಆಟದಲ್ಲಿ ಸೀಟಿ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಮೂವರು ಕೋಚ್‌ಗಳು ಮೂರು ಸಲ ಆಟ ನಿಲ್ಲಿಸಿ ಮೂರು ಪಾಠ ಹೇಳಿದರೆ ಆಟಗಾರರಿಗೆ ಮೈ ಬಿಸಿಯೂ ಆಗುವುದಿಲ್ಲ.

ಬಲಗೈ ಬಂಟ

ಇಂಗ್ಲೆಂಡಿನ ಮ್ಯಾನೇಜರ್ ಬ್ರಯನ್ ಕ್ಲಫ್ ಮತ್ತು ಅವರ ಸಹಾಯಕ ಪೀಟರ್ ಟೇಲರ್ ಜೋಡಿಯ ಕಥೆ ಫುಟ್‌ಬಾಲ್‌ನಲ್ಲಿ ಹಳೆಯದು, ಆದರೂ ಇದನ್ನು ಬಿಟ್ಟು ಈ ದಾರಿಯ ಬಗ್ಗೆ ಮಾತಾಡಲು ಆಗುವುದಿಲ್ಲ. ಕ್ಲಫ್ ಮುಂದೆ ನಿಂತು ಮಾತಾಡುವವರು, ಗದರುವವರು, ಆಟಗಾರರನ್ನು ಕುಣಿಸುವವರು. ಟೇಲರ್ ಆಟಗಾರರನ್ನು ಗುರುತಿಸುವವರು. ಯಾರನ್ನು ಕೊಳ್ಳಬೇಕು, ಯಾರನ್ನು ಯಾವ ಜಾಗದಲ್ಲಿ ಆಡಿಸಬೇಕು ಅನ್ನುವುದರಲ್ಲಿ ಅವರ ಕಣ್ಣು ಚುರುಕು. ಇಬ್ಬರೂ ಸೇರಿ 1972ರಲ್ಲಿ ಡರ್ಬಿ ಕೌಂಟಿಗೆ ಇಂಗ್ಲೆಂಡ್ ಲೀಗ್ ಗೆಲ್ಲಿಸಿದರು. ಆಮೇಲೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಸತತ ಎರಡು ಯುರೋಪಿಯನ್ ಕಪ್.

ನಡುವೆ 1974ರಲ್ಲಿ ಕ್ಲಫ್ ಒಬ್ಬರೇ ಲೀಡ್ಸ್ ಯುನೈಟೆಡ್‌ಗೆ ಹೋದರು. ಆಗ ಇಬ್ಬರೂ ಇದ್ದ ಬ್ರೈಟನ್ ತಂಡದಲ್ಲೇ ಟೇಲರ್ ಉಳಿದರು. ಕ್ಲಫ್ ಅಲ್ಲಿ ಇದ್ದದ್ದು 44 ದಿನ. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಹಳೆಯ ಚಾಂಪಿಯನ್ ತಂಡದ ಆಟಗಾರರನ್ನು ಅವರು ಮೊದಲ ದಿನದಿಂದಲೇ ಎದುರು ಹಾಕಿಕೊಂಡಿದ್ದರು. ಆದರೆ ಕೋಪ ಬಂದಾಗ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಇದು ಬೇಡ ಮಾರಾಯ ಅನ್ನುವವನು ಪಕ್ಕದಲ್ಲಿ ಇರಲಿಲ್ಲ ಅನ್ನುವುದೂ ನಿಜ. ಬಲಗೈ ಬಂಟನ ದೊಡ್ಡ ಕೆಲಸವೇ ಇದು ಅಂತ ನನ್ನ ಅಭಿಪ್ರಾಯ. ಡ್ರಿಲ್ ನಡೆಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಮುಖ್ಯ ಕೋಚ್‌ಗೆ ಇಲ್ಲ ಅನ್ನುವವರು ಸಿಗುವುದು ಕಷ್ಟ.

ಈ ಜೋಡಿಗಳ ಕೊನೆ ಮಾತ್ರ ಬಹಳ ಸಲ ಚೆನ್ನಾಗಿರುವುದಿಲ್ಲ. ಕ್ಲಫ್ ಮತ್ತು ಟೇಲರ್ 1983ರಲ್ಲಿ ಒಬ್ಬ ಆಟಗಾರನ ವರ್ಗಾವಣೆಯ ವಿಷಯಕ್ಕೆ ಮುನಿಸಿಕೊಂಡರು, 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ಮಾತು ಬಿಟ್ಟಿದ್ದರು. ಟೇಲರ್ ಇಲ್ಲದ ಕಾಲದಲ್ಲಿ ಕ್ಲಫ್ ಲೀಗ್ ಕಪ್ ಗೆದ್ದರು, ಆದರೆ ಮತ್ತೆ ಲೀಗ್ ಗೆಲ್ಲಲಿಲ್ಲ. ಒಬ್ಬನ ಮೇಲೆ ಪೂರ್ತಿ ಭಾರ ಹಾಕಿದರೆ ಆತ ಹೊರಟ ದಿನ ಅರ್ಧ ತಂಡವೇ ಹೊರಟಂತೆ.

ಕ್ಲಾಪ್ ಅವರದ್ದು ಇದಕ್ಕೆ ಪಕ್ಕದ ಕಥೆ. ಝೆಲ್ಯ್ಕೊ ಬುವಾಚ್ ಮೈಂಟ್ಸ್‌ನಲ್ಲಿ ಕ್ಲಾಪ್ ಜೊತೆ ಆಡಿದವರು, ಆಮೇಲೆ ಮೈಂಟ್ಸ್, ಡಾರ್ಟ್‌ಮುಂಡ್, ಲಿವರ್‌ಪೂಲ್ ಮೂರೂ ಕಡೆ ಸಹಾಯಕರಾಗಿದ್ದವರು. ತಂಡದ ಮಿದುಳು ಅಂತಲೇ ಅವರನ್ನು ಕರೆಯುತ್ತಿದ್ದರು. 2018ರ ಏಪ್ರಿಲ್‌ನಲ್ಲಿ, ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಒಂದು ಮುಗಿದಿರುವಾಗ ಬುವಾಚ್ ತಂಡದಿಂದ ದೂರವಾದರು. ತಂಡ ಕುಸಿಯಲಿಲ್ಲ. ಆ ವರ್ಷ ಫೈನಲ್ ಆಡಿತು, ಮರುವರ್ಷ ಕಪ್ ಗೆದ್ದಿತು. ಎದುರಾಳಿಗಳ ವಿಡಿಯೋ ನೋಡಿ ವಿಶ್ಲೇಷಣೆ ಮಾಡುವ ಪೀಟರ್ ಕ್ರಾವಿಯೆಟ್ಜ್ ಅಲ್ಲೇ ಇದ್ದರು, ಹಿಂದೆ ಅಲ್ಲೇ ಕೋಚ್ ಆಗಿದ್ದ ಪೆಪ್ ಲೈಂಡರ್ಸ್ ಬೇಸಿಗೆಯಲ್ಲಿ ಮರಳಿ ಬಂದರು. ಬಲಗೈ ಇದ್ದರೂ ಎಡಗೈಗೆ ಕೆಲಸ ಕಲಿಸಿದ್ದರು ಅನ್ನಬಹುದು.

ಬಿಟ್ಟು ನಿಂತು ನೋಡುವುದು

ಅಲೆಕ್ಸ್ ಫರ್ಗ್ಯೂಸನ್ ಅಬರ್ಡೀನ್ ತಂಡದ ಮ್ಯಾನೇಜರ್ ಆಗಿದ್ದಾಗಿನ ಮಾತು. ಒಂದು ದಿನ ಚಹಾ ಕುಡಿಯುತ್ತಿರುವಾಗ ಸಹಾಯಕ ಕೇಳಿಯೇಬಿಟ್ಟ: ನನ್ನನ್ನು ಇಲ್ಲಿಗೆ ಯಾಕೆ ಕರೆದುಕೊಂಡು ಬಂದಿರಿ, ನನಗೆ ಕೆಲಸವೇ ಇಲ್ಲವಲ್ಲ. ತರಬೇತಿ ನಡೆಸುವುದು ಸಹಾಯಕನ ಕೆಲಸ, ಅದನ್ನೂ ನೀವೇ ಮಾಡುತ್ತಿದ್ದೀರಿ ಅಂತ. ಅಲ್ಲಿದ್ದ ಇನ್ನೊಬ್ಬ ಕೋಚ್ ಕೂಡ ಅವನ ಮಾತಿಗೇ ತಲೆಯಾಡಿಸಿದ. ಫರ್ಗ್ಯೂಸನ್ ಮೊದಲು ಸುತಾರಾಂ ಒಪ್ಪಲಿಲ್ಲ. ಕೆಲವು ದಿನ ತಲೆಯಲ್ಲಿ ಹೊರಳಾಡಿಸಿ, ಒಂದು ಕೈ ನೋಡೋಣ, ಆದರೆ ಮಾತು ಕೊಡುವುದಿಲ್ಲ ಅಂದರು. ಅದೇ ಮುಂದೆ ಅವರ ಪದ್ಧತಿ ಆಯಿತು. ತಾವು ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ಇದೂ ಒಂದು ಅಂತ ಅವರೇ ಹೇಳಿಕೊಂಡಿದ್ದಾರೆ.

ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 1986ರಿಂದ 2013ರವರೆಗೆ ಇದೇ ನಡೆಯಿತು. ಆರ್ಚಿ ನಾಕ್ಸ್, ಬ್ರಯನ್ ಕಿಡ್, ಸ್ಟೀವ್ ಮೆಕ್‌ಲಾರೆನ್, ಕಾರ್ಲೋಸ್ ಕೇರೋಶ್, ಮೈಕ್ ಫೀಲನ್ ಹೀಗೆ ಸಹಾಯಕರು ಒಬ್ಬರ ಹಿಂದೆ ಒಬ್ಬರು ಬಂದರು. 13 ಲೀಗ್ ಪ್ರಶಸ್ತಿ ಬಂದದ್ದು ಹೀಗೆ ಸಹಾಯಕರ ಕೈಯಲ್ಲಿ ತರಬೇತಿ ನಡೆಯುತ್ತಿದ್ದಾಗ. ಆಟಗಾರರಿಗೆ ಹೊಸ ಕೋಚ್ ಬಂದಾಗ ಹೊಸ ಡ್ರಿಲ್, ಹೊಸ ಮಾತು. ಆದರೆ ತಂಡದಲ್ಲಿ ಯಾರಿರಬೇಕು, ಯಾರು ಹೋಗಬೇಕು, ಶಿಸ್ತು ತಪ್ಪಿದವರಿಗೆ ಏನು ಅನ್ನುವುದು ಮಾತ್ರ ಮೊದಲಿನಿಂದ ಕೊನೆತನಕ ಒಬ್ಬರದೇ ಕೈಯಲ್ಲಿತ್ತು.

ದೂರ ನಿಂತರೆ ಏನು ಕಾಣುತ್ತದೆ? ಆಟಗಾರನ ಉತ್ಸಾಹ ಒಮ್ಮೆಲೇ ಇಳಿದದ್ದು ಕಾಣುತ್ತದೆ. ಅದಕ್ಕೆ ಮನೆಯ ತಾಪತ್ರಯ ಕಾರಣವಾ, ದಣಿವಾ, ಮುಚ್ಚಿಟ್ಟ ಗಾಯವಾ ಅಂತ ಕೇಳುವ ಪುರಸೊತ್ತು ಸಿಗುತ್ತದೆ. ಚೆಂಡು ತಮ್ಮ ಹತ್ತಿರ ಇಲ್ಲದಾಗ ಯಾರು ಓಡುತ್ತಾರೆ, ಯಾರು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ ಅನ್ನುವುದು ತಿಳಿಯುತ್ತದೆ. ಜೊತೆಗೆ ಸಹಾಯಕ ಹೇಗೆ ಕಲಿಸುತ್ತಾನೆ ಅನ್ನುವುದೂ ಕಾಣುತ್ತದೆ. ಅದು ಬೇರೆ ಯಾವ ರೀತಿಯಲ್ಲೂ ಗೊತ್ತಾಗುವುದಿಲ್ಲ.

ಇದು ಎಲ್ಲರಿಗೂ ಹೊಂದುತ್ತದಾ ಅಂದರೆ, ಇಲ್ಲ. ಸಹಾಯಕನಿಗೆ ನಿಜವಾಗಿಯೂ ಕೆಲಸ ಬರಬೇಕು. ನಿಮಗೆ ಬೇಕಾದ ಆಟ ಅವನಿಗೆ ಅರ್ಥವಾಗಿರಬೇಕು. ಮತ್ತೆ ನಿಂತು ನೋಡುವುದು ಅಂದರೆ ಫೋನ್ ಹಿಡಿದುಕೊಂಡು ನಿಲ್ಲುವುದಲ್ಲ. ಆಟಗಾರರಿಗೆ ಈ ವ್ಯತ್ಯಾಸ ಒಂದೇ ವಾರದಲ್ಲಿ ಗೊತ್ತಾಗುತ್ತದೆ, ಅಲ್ವಾ?

ಹಾಗಾದರೆ ನಿಮಗೆ ಯಾವುದು?

ಮೊದಲು ನಿಮ್ಮ ಹತ್ತಿರ ಎಷ್ಟು ಜನ ಇದ್ದಾರೆ ನೋಡಿ. ಒಬ್ಬನೇ ಸಹಾಯಕ ಇದ್ದರೆ ವಿಭಾಗದ ಮಾತು ಬಿಡಿ. ಅವನನ್ನು ಬಲಗೈ ಮಾಡಿಕೊಳ್ಳಿ, ಇಲ್ಲವೇ ವಾರದಲ್ಲಿ ಒಂದು ಪೂರ್ತಿ ದಿನದ ತರಬೇತಿಯನ್ನು ಅವನಿಗೆ ಬಿಡಿ. ಮೂವರು ನಾಲ್ವರು ಇದ್ದರೆ ವಿಭಾಗ ಮಾಡಬಹುದು, ಆದರೆ ಅವರಲ್ಲಿ ಒಬ್ಬರು ನಿಮ್ಮ ನಂತರದವರು ಅಂತ ಎಲ್ಲರಿಗೂ ಗೊತ್ತಿರಲಿ. ನಿಮಗೆ ಜ್ವರ ಬಂದ ದಿನ ಯಾರು ನಡೆಸಬೇಕು ಅನ್ನುವ ಪ್ರಶ್ನೆಗೆ ಆಗ ಜಗಳವಿಲ್ಲದೆ ಉತ್ತರ ಸಿಗುತ್ತದೆ.

ಆಮೇಲೆ ಸಮಯ. ರಾಷ್ಟ್ರೀಯ ತಂಡದ ಕೋಚ್‌ಗೆ ಆಟಗಾರರು ಸಿಗುವುದು ಕೆಲವೇ ದಿನ. ಅಲ್ಲಿ ವಿಭಾಗ ಮಾಡಿ ಹಂಚದಿದ್ದರೆ ಕೆಲಸ ಮುಗಿಯುವುದೇ ಇಲ್ಲ. ವರ್ಷಪೂರ್ತಿ ಒಟ್ಟಿಗೆ ಇರುವ ಕ್ಲಬ್ ತಂಡಕ್ಕೆ ನಿಂತು ನೋಡುವ ದಾರಿ ಹೆಚ್ಚು ಹೊಂದುತ್ತದೆ. ಮಕ್ಕಳ ತಂಡಕ್ಕೆ ವಿಭಾಗ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹನ್ನೊಂದು ವರ್ಷದ ಹುಡುಗಿಯನ್ನು ಡಿಫೆಂಡರ್ ಅಂತ ಒಂದು ಮೂಲೆಗೆ ಕಳಿಸಿದರೆ ಅವಳು ಚೆಂಡು ತಿರುಗಿಸುವುದನ್ನು ಕಲಿಯುವುದು ಯಾವಾಗ? ಅಲ್ಲಿ ಸಹಾಯಕರಿಗೆ ಆರೆಂಟು ಮಕ್ಕಳ ಒಂದೊಂದು ಗುಂಪು ಕೊಡಿ, ಆ ಗುಂಪಿನ ಪೂರ್ತಿ ಆಟ ಅವರ ಜವಾಬ್ದಾರಿ.

ಮೂರನೆಯದು ನಿಮ್ಮ ಸ್ವಭಾವ. ಸುಮ್ಮನೆ ನಿಲ್ಲಲು ಆಗದವರು ನಿಂತು ನೋಡುತ್ತೇನೆ ಅಂತ ಹೊರಟರೆ ಐದು ನಿಮಿಷಕ್ಕೊಮ್ಮೆ ಮೂಗು ತೂರಿಸುತ್ತಾರೆ. ಅದು ಎಲ್ಲವನ್ನೂ ನೀವೇ ಮಾಡುವುದಕ್ಕಿಂತ ಕೆಟ್ಟದ್ದು. ಅಂಥವರು ಒಂದು ವಿಭಾಗವನ್ನು ತಮಗೇ ಇಟ್ಟುಕೊಳ್ಳಲಿ, ಉಳಿದವುಗಳಿಂದ ದೂರ ಇರಲಿ.

ಕೊಡುವುದು ಹೇಗೆ

ನಾಳೆ ತರಬೇತಿ ನೀನು ನೋಡಿಕೋ ಅಂದರೆ ಕೊಟ್ಟ ಹಾಗಲ್ಲ. ಒಂದು ಉದಾಹರಣೆ ನೋಡೋಣ. ಕಳೆದ ಪಂದ್ಯದಲ್ಲಿ ನಿಮ್ಮ ತಂಡ ಹಿಂದಿನಿಂದ ಪಾಸ್ ಮಾಡಿಕೊಂಡು ಮೇಲೆ ಬರುವಾಗ ಪದೇ ಪದೇ ಚೆಂಡು ಕಳೆದುಕೊಂಡಿತು. ಮಂಗಳವಾರದ ತರಬೇತಿಯನ್ನು ಸಹಾಯಕನಿಗೆ ಕೊಡಬೇಕು. ಹಿಂದಿನ ದಿನ ಅವನಿಗೆ ಮೂರು ಮಾತು ಹೇಳಿ. ಗುರಿ ಏನು: ಎದುರಾಳಿಯ ಇಬ್ಬರು ಸ್ಟ್ರೈಕರ್‌ಗಳು ಒತ್ತಿ ಬಂದಾಗ ಗೋಲ್‌ಕೀಪರ್ ಮತ್ತು ಇಬ್ಬರು ಸೆಂಟರ್ ಬ್ಯಾಕ್‌ಗಳು ಚೆಂಡನ್ನು ಮಿಡ್‌ಫೀಲ್ಡರ್‌ಗೆ ತಲುಪಿಸಬೇಕು. ಸಮಯ ಎಷ್ಟು: 40 ನಿಮಿಷ. ಮಿತಿ ಏನು: ಭಾನುವಾರ ಪೂರ್ತಿ ಆಡಿದವರನ್ನು ಜಾಸ್ತಿ ಓಡಿಸಬೇಡ. ಇಷ್ಟೇ. ಯಾವ ಡ್ರಿಲ್, ಎಷ್ಟು ದೊಡ್ಡ ಜಾಗ, ಆರು ಜನರ ಎದುರು ನಾಲ್ವರಾ, ಎಂಟು ಜನರ ಎದುರು ಆರು ಜನರಾ ಅನ್ನುವುದೆಲ್ಲ ಅವನ ತೀರ್ಮಾನ. ಅರ್ಧ ಹಾಳೆಯಲ್ಲಿ ಬರೆದು ಸಂಜೆ ತೋರಿಸಲಿ. ನಿಮಗೆ ಏನಾದರೂ ಬದಲಾಯಿಸಬೇಕು ಅನ್ನಿಸಿದರೆ ಆಗಲೇ ಹೇಳಿ. ಮೈದಾನಕ್ಕೆ ಇಳಿದ ಮೇಲೆ ಬೇಡ.

ಮಂಗಳವಾರ ನೀವು ಎಲ್ಲಿ ನಿಲ್ಲುತ್ತೀರಿ ಅನ್ನುವುದೂ ಮುಖ್ಯ. ಸಹಾಯಕನ ಬೆನ್ನ ಹಿಂದೆ ನಿಂತರೆ ಆಟಗಾರರ ಕಣ್ಣು ನಿಮ್ಮ ಮುಖದ ಮೇಲೆಯೇ ಇರುತ್ತದೆ. ಅವನು ಹೇಳಿದ್ದಕ್ಕೆ ನೀವು ಹುಬ್ಬು ಗಂಟಿಕ್ಕಿದರೆ ಅಲ್ಲಿಗೆ ಅವನ ಕಥೆ ಮುಗಿಯಿತು. ಮೈದಾನದ ಆಚೆ ಬದಿಗೆ ಹೋಗಿ. ಆಟಗಾರ ನಿಮ್ಮ ಹತ್ತಿರ ಬಂದು, ಸರ್, ನಾನು ಇಲ್ಲಿ ನಿಲ್ಲಬೇಕಾ ಅಂತ ಕೇಳಿದರೆ, ಕೋಚ್‌ನ ಕೇಳು ಅನ್ನಿ. ಗೊತ್ತಿದ್ದರೂ ಉತ್ತರ ಕೊಡಬೇಡಿ. ಈ ಸಣ್ಣ ಮಾತೊಂದು ಸಹಾಯಕನಿಗೆ ಕೊಡುವ ಬಲ ಯಾವ ಹುದ್ದೆಯ ಹೆಸರೂ ಕೊಡುವುದಿಲ್ಲ.

ಡ್ರಿಲ್ ಕೆಟ್ಟರೆ? ಕೆಡುತ್ತದೆ. ಜಾಗ ಚಿಕ್ಕದಾಗಿ ಚೆಂಡು ಸಾರಿ ಸಾರಿ ಹೊರಗೆ ಹೋಗುತ್ತದೆ. ಮೊದಲ ಹತ್ತು ನಿಮಿಷ ಅವನೇ ಸರಿ ಮಾಡಿಕೊಳ್ಳಲಿ ಅಂತ ಬಿಡಿ. ನೀರು ಕುಡಿಯುವ ಬಿಡುವಿನಲ್ಲಿ ಹತ್ತಿರ ಹೋಗಿ, ಜಾಗ ಸ್ವಲ್ಪ ದೊಡ್ಡದು ಮಾಡಿದರೆ ಹೇಗೆ ಅಂತ ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿ. ಆಟಗಾರರ ಎದುರು ಸೀಟಿ ಕಿತ್ತುಕೊಳ್ಳಬೇಕಾದದ್ದು ಯಾರಿಗಾದರೂ ಪೆಟ್ಟಾಗುವ ಅಪಾಯ ಇದ್ದಾಗ ಮಾತ್ರ.

ತರಬೇತಿ ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ. ಮೊದಲು ಅವನೇ ಹೇಳಲಿ.

ಪಂದ್ಯದ ದಿನ

ವಾರದ ಹಂಚಿಕೆ ಹೇಗೇ ಇರಲಿ, ಪಂದ್ಯದ ದಿನ ಬೇರೆಯೇ ಲೆಕ್ಕ. ಆಟದ ನಿಯಮವೇ ಇಲ್ಲಿ ಒಂದು ಪಾಠ ಹೇಳುತ್ತದೆ. ಟೆಕ್ನಿಕಲ್ ಏರಿಯಾದಿಂದ, ಅಂದರೆ ಬೆಂಚಿನ ಮುಂದೆ ಕೋಚ್‌ಗಳಿಗೆ ಗುರುತಿಸಿದ ಜಾಗದಿಂದ, ಒಂದು ಹೊತ್ತಿಗೆ ಒಬ್ಬರು ಮಾತ್ರ ಆಟಗಾರರಿಗೆ ಸೂಚನೆ ಕೊಡಬಹುದು. ಜೋವರ್ ಎದ್ದಾಗ ಆರ್ಟೆಟಾ ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ. 2019ರಿಂದ ಕೋಚ್‌ಗಳಿಗೂ ಹಳದಿ, ಕೆಂಪು ಕಾರ್ಡ್ ಕೊಡಬಹುದು. ಬೆಂಚಿನಿಂದ ಯಾರೋ ರೆಫರಿಗೆ ಬೈದು, ಬೈದದ್ದು ಯಾರು ಅಂತ ಗೊತ್ತಾಗದಿದ್ದರೆ ಕಾರ್ಡ್ ಹೋಗುವುದು ಅಲ್ಲಿರುವ ಹಿರಿಯ ಕೋಚ್‌ಗೆ. ಅಂದರೆ ಬಾಯಿ ಯಾರದ್ದೇ ಆಗಲಿ, ಕಾರ್ಡ್ ನಿಮ್ಮದು. ಬೆಂಚಿನಲ್ಲಿ ಯಾರು ಎದ್ದು ನಿಲ್ಲಬಹುದು, ಬೆಂಚಿನ ಪಕ್ಕ ನಿಲ್ಲುವ ನಾಲ್ಕನೇ ಅಧಿಕಾರಿಯ (ರೆಫರಿಯ ಸಹಾಯಕರಲ್ಲೊಬ್ಬರು) ಹತ್ತಿರ ಯಾರು ಮಾತಾಡಬೇಕು ಅಂತ ಮೊದಲೇ ಹೇಳಿಡಿ.

ಬದಲಿ ಆಟಗಾರರ ವಿಷಯದಲ್ಲಿ ಒಬ್ಬ ಸಹಾಯಕನಿಗೆ ಪೂರ್ತಿ ಜವಾಬ್ದಾರಿ ಕೊಡುವುದು ಒಳ್ಳೆಯದು, ಯಾರನ್ನು ಇಳಿಸಬೇಕು ಅನ್ನುವುದನ್ನಲ್ಲ, ಲೆಕ್ಕವನ್ನು. ಐದು ಬದಲಾವಣೆ ಇದ್ದರೂ ಅದಕ್ಕೆ ಆಟ ನಿಲ್ಲಿಸುವ ಅವಕಾಶ ಮೂರೇ, ಹಾಫ್ ಟೈಮ್ ಬಿಟ್ಟು. 60ನೇ ನಿಮಿಷದೊಳಗೆ ಎರಡು ಅವಕಾಶ ಮುಗಿಸಿಕೊಂಡು, ಆಮೇಲೆ ಒಬ್ಬನಿಗೆ ಸ್ನಾಯು ಹಿಡಿದುಕೊಂಡರೆ ಕಷ್ಟ. ಅವಕಾಶ ಎಷ್ಟು ಉಳಿದಿದೆ, ಯಾರಿಗೆ ಹಳದಿ ಕಾರ್ಡ್ ಇದೆ, ಯಾರು ಓಡುವುದನ್ನು ನಿಲ್ಲಿಸಿದ್ದಾರೆ ಅಂತ ಅವನು ನಿಮ್ಮ ಕಿವಿಯಲ್ಲಿ ಹೇಳುತ್ತಿರಲಿ.

ಹಾಫ್ ಟೈಮ್ 15 ನಿಮಿಷ. ಆಟಗಾರರು ಕೂತು ನೀರು ಕುಡಿಯುವ ಮೊದಲ ಮೂರು ನಿಮಿಷ ಕೋಚ್‌ಗಳೆಲ್ಲ ಬಾಗಿಲ ಹೊರಗೆ ನಿಲ್ಲಿ. ಒಬ್ಬೊಬ್ಬರು ಒಂದೊಂದೇ ವಿಷಯ ಹೇಳಲಿ. ಅದರಲ್ಲಿ ಎರಡನ್ನು ಆರಿಸಿಕೊಂಡು ನೀವು ಒಳಗೆ ಹೋಗಿ ಮಾತಾಡಿ. ಉಳಿದದ್ದು ಎಷ್ಟೇ ಸರಿಯಾಗಿದ್ದರೂ ಬಿಟ್ಟುಬಿಡಿ. ಏದುಸಿರು ಬಿಡುತ್ತಿರುವವರ ತಲೆಗೆ ಆರು ವಿಷಯ ಇಳಿಯುವುದಿಲ್ಲ.

ಸಹಾಯಕನ ಕೆಲಸವನ್ನು ನಂಬುವುದು ಎಲ್ಲಿಯವರೆಗೂ ಹೋಗಬಹುದು ಅನ್ನುವುದಕ್ಕೆ 2014ರ ಜುಲೈ 5ರ ಪಂದ್ಯ ನೋಡಬೇಕು. ವಿಶ್ವಕಪ್ ಕ್ವಾರ್ಟರ್ ಫೈನಲ್, ನೆದರ್‌ಲ್ಯಾಂಡ್ಸ್ ಮತ್ತು ಕೋಸ್ಟರಿಕಾ, 0-0. ಹೆಚ್ಚುವರಿ ಸಮಯ ಇನ್ನೇನು ಮುಗಿಯಬೇಕು. ಕೋಚ್ ಲೂಯಿ ವಾನ್ ಗಾಲ್ ತಮ್ಮ ಕೊನೆಯ ಬದಲಾವಣೆ ಮಾಡಿದರು: ಗೋಲ್‌ಕೀಪರ್ ಯಾಸ್ಪರ್ ಸಿಲೆಸ್ಸೆನ್ ಹೊರಗೆ, ಟಿಮ್ ಕ್ರುಲ್ ಒಳಗೆ. ಇದರ ಹಿಂದೆ ಗೋಲ್‌ಕೀಪರ್ ಕೋಚ್ ಫ್ರಾನ್ಸ್ ಹೂಕ್ ಅವರ ತಯಾರಿ ಇತ್ತು. ಗೆಲುವು ತೀರ್ಮಾನವಾಗಬೇಕಿದ್ದದ್ದು ಪೆನಾಲ್ಟಿ ಒದೆತಗಳಲ್ಲಿ. ಕ್ರುಲ್ ಐದೂ ಒದೆತಕ್ಕೆ ಸರಿಯಾದ ಬದಿಗೇ ಹಾರಿ ಎರಡನ್ನು ತಡೆದರು. 4-3ರಲ್ಲಿ ಗೆಲುವು.

ಎಲ್ಲರೂ ಹೊಗಳಿದ ಈ ಕಥೆಯಲ್ಲಿ ನನಗೆ ಹಿಡಿಸದ ಒಂದು ಸಂಗತಿ ಇದೆ. ಹೀಗೆ ಆಗಬಹುದು ಅಂತ ಸಿಲೆಸ್ಸೆನ್‌ಗೆ ಮೊದಲೇ ಹೇಳಿರಲಿಲ್ಲ. ಅವರ ಮನಸ್ಸು ಕೆಡದಿರಲಿ ಅಂತ ಹೇಳಲಿಲ್ಲವಂತೆ. ಹೊರಗೆ ಬರುವಾಗ ಅವರು ಸಿಟ್ಟಿನಿಂದ ಬಾಟಲಿ ಒದ್ದದ್ದನ್ನು ಲೋಕವೇ ನೋಡಿತು. ನಾಲ್ಕು ದಿನ ಬಿಟ್ಟು ಅರ್ಜೆಂಟೀನಾ ಎದುರಿನ ಸೆಮಿಫೈನಲ್ ಕೂಡ ಪೆನಾಲ್ಟಿಗೆ ಹೋಯಿತು. ಆಗ ಇದ್ದದ್ದು ಮೂರೇ ಬದಲಾವಣೆ, ಅಷ್ಟರಲ್ಲಿ ಮೂರೂ ಮುಗಿದಿತ್ತು. ಗೋಲಿನಲ್ಲಿ ಸಿಲೆಸ್ಸೆನ್ ಅವರೇ ನಿಲ್ಲಬೇಕಾಯಿತು, ಒಂದನ್ನೂ ತಡೆಯಲು ಆಗಲಿಲ್ಲ, ನೆದರ್‌ಲ್ಯಾಂಡ್ಸ್ ಸೋತಿತು. ಹೇಳಿದ್ದರೆ ಬೇರೆ ಆಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಯೋಜನೆ ಸಹಾಯಕನದ್ದೇ ಆಗಿದ್ದರೂ ಅದನ್ನು ಆಟಗಾರನಿಗೆ ತಿಳಿಸುವ ಹೊಣೆ ಮುಖ್ಯ ಕೋಚ್‌ನದು. ತಂಡದಿಂದ ಕೈಬಿಟ್ಟ ಸುದ್ದಿಯನ್ನು ಸಹಾಯಕನ ಕೈಯಲ್ಲಿ ಹೇಳಿ ಕಳಿಸುವವರನ್ನು ಆಟಗಾರರು ಮರೆಯುವುದಿಲ್ಲ.

ವಾಪಸ್ ತೆಗೆದುಕೊಳ್ಳುವುದು

ಕೊಟ್ಟ ಕೆಲಸ ಕೆಲವೊಮ್ಮೆ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ. ಒಂದು ಸೋಲಿಗೆ ತೆಗೆದುಕೊಳ್ಳಬೇಡಿ. ಕಾರ್ನರ್‌ನಿಂದ ಎರಡು ಗೋಲು ಬಿದ್ದ ಮರುದಿನವೇ ಸೆಟ್ ಪೀಸ್ ನಾನೇ ನೋಡುತ್ತೇನೆ ಅಂದರೆ ಉಳಿದ ಸಹಾಯಕರೂ ಅಂದಿನಿಂದ ನಿಮ್ಮನ್ನು ಕೇಳದೆ ಹುಲ್ಲುಕಡ್ಡಿಯನ್ನೂ ಅಲ್ಲಾಡಿಸುವುದಿಲ್ಲ. ಮೊದಲು ಅವನ ಜೊತೆ ಕೂತು ಆ ಎರಡು ಗೋಲಿನ ವಿಡಿಯೋ ನೋಡಿ. ಹೇಳಿಕೊಟ್ಟದ್ದು ತಪ್ಪಾ, ಹೇಳಿಕೊಟ್ಟಂತೆ ಆಟಗಾರ ನಿಲ್ಲಲಿಲ್ಲವಾ ಅಂತ ಬೇರೆ ಮಾಡಿ. ಹೊರಗಿನವರ ಎದುರು ಸೋಲನ್ನು ನಿಮ್ಮ ಹೆಗಲಿಗೆ ಹಾಕಿಕೊಳ್ಳಿ. ಗೆದ್ದಾಗ ಅವನ ಹೆಸರು ಹೇಳಿ.

ಬೆನ್ನ ಹಿಂದೆ ಆಟಗಾರರ ಹತ್ತಿರ ನಿಮ್ಮ ತೀರ್ಮಾನವನ್ನು ಆಡಿಕೊಳ್ಳುವ ಸಹಾಯಕನ ವಿಷಯ ಬೇರೆ. ಕೋಣೆಯೊಳಗೆ ಎಷ್ಟು ಬೇಕಾದರೂ ಜಗಳ ಆಡಲಿ, ಹೊರಗೆ ಬಂದ ಮೇಲೆ ಒಂದೇ ಮಾತು ಇರಬೇಕು. ಇದನ್ನು ಮುರಿದವನಿಗೆ ಒಮ್ಮೆ ಸ್ಪಷ್ಟವಾಗಿ ಹೇಳಿ, ಎರಡನೇ ಸಲ ಕಳಿಸಿಬಿಡಿ. ಎಷ್ಟೇ ಬುದ್ಧಿವಂತನಾಗಿರಲಿ.

ಇನ್ನು ಒಳ್ಳೆಯ ಸಹಾಯಕ ಒಂದು ದಿನ ಬಿಟ್ಟು ಹೋಗುತ್ತಾನೆ. ಆರ್ಟೆಟಾ ಮೂರೂವರೆ ವರ್ಷ ಪೆಪ್ ಗ್ವಾರ್ಡಿಯೋಲ ಅವರ ಸಹಾಯಕರಾಗಿದ್ದು 2019ರ ಡಿಸೆಂಬರ್‌ನಲ್ಲಿ ಆರ್ಸೆನಲ್‌ಗೆ ಹೋದವರು. ಲ್ಯೋವ್ ಕೂಡ ಎರಡು ವರ್ಷ ಯೂರ್ಗನ್ ಕ್ಲಿನ್ಸ್‌ಮನ್ ಅವರ ಸಹಾಯಕರಾಗಿದ್ದು 2006ರಲ್ಲಿ ಮುಖ್ಯ ಕೋಚ್ ಆದವರು. ಬ್ರೆಂಟ್‌ಫರ್ಡ್ ತಂಡ 2018ರಲ್ಲಿ ಸಹಾಯಕನಾಗಿದ್ದ ಥಾಮಸ್ ಫ್ರಾಂಕ್ ಅವರನ್ನೇ ಮುಖ್ಯ ಕೋಚ್ ಮಾಡಿತು. 2025ರಲ್ಲಿ ಅವರು ಹೋದಾಗ ಸೆಟ್ ಪೀಸ್ ಕೋಚ್ ಕೀತ್ ಆಂಡ್ರೂಸ್ ಅವರನ್ನು ಆ ಜಾಗಕ್ಕೆ ತಂದಿತು. ಆದ್ದರಿಂದ ಪ್ರತಿ ಸಹಾಯಕನೂ ತಾನು ಮಾಡುವ ಕೆಲಸವನ್ನು ಇನ್ನೊಬ್ಬನಿಗೆ ತೋರಿಸಿಕೊಟ್ಟಿರಲಿ, ಡ್ರಿಲ್‌ಗಳನ್ನು ಬರೆದಿಟ್ಟಿರಲಿ. ಮತ್ತು ಋತು ಮುಗಿಯುವಷ್ಟರಲ್ಲಿ ಒಂದು ಸೌಹಾರ್ದ ಪಂದ್ಯವನ್ನಾದರೂ ಪೂರ್ತಿ ಅವನ ಕೈಗೆ ಕೊಡಿ. ತಂಡದ ಆಯ್ಕೆ, ಹಾಫ್ ಟೈಮ್ ಮಾತು, ಬದಲಾವಣೆ, ಎಲ್ಲ. ಆ ದಿನ ನೀವು ಬೆಂಚಿನಲ್ಲಿ ಕೂರಬೇಡಿ, ಸ್ಟ್ಯಾಂಡ್‌ನಲ್ಲಿ ಕೂತು ನೋಡಿ.